ಸೆರೆಯ ಹದಿನೈದು ವರ್ಷಗಳು: ದೇವರ ನ್ಯಾಯಕ್ಕಾಗಿ ಕಾದವರ ಚರಿತ್ರೆ

ಸಜ್ಜನನು ಸಂಕಟದಲ್ಲಿ ನರಳುತ್ತಿರುವಾಗ, ಅನ್ಯಾಯಗಾರನು ಏಳಿಗೆ ಹೊಂದುತ್ತಿರುವಾಗ ದೇವರು ಮೌನವಾಗಿರುವುದೇಕೆ ಎಂಬ ಪ್ರಶ್ನೆ ಮಾನವಕುಲದಷ್ಟೇ ಪುರಾತನವಾದುದು. ಬೂದಿಯಲ್ಲಿ ಕುಳಿತ ಯೋಬನು ಕೇಳಿದ್ದು ಇದನ್ನೇ. ಪ್ರವಾದಿ ಹಬಕ್ಕೂಕನು ತನ್ನ ಗ್ರಂಥವನ್ನು ಆರಂಭಿಸಿದ್ದು ಈ ಮೊರೆಯಿಂದಲೇ. ವ್ಯಾಜ್ಯದಲ್ಲಿ ಸೋತು ಮನೆಗೆ ಮರಳಿದ ರೈತನೂ, ಕೂಲಿ ಕೈಸೇರದ ಕಾರ್ಮಿಕನೂ, ಸುಳ್ಳು ಅಪವಾದಕ್ಕೆ ಗುರಿಯಾದ ಹೆಣ್ಣುಮಗಳೂ ನಮ್ಮ ಈ ದೇವಾಲಯದ ಮೆಟ್ಟಿಲ ಮೇಲೆ ಮೊಣಕಾಲೂರಿ ಕೇಳುವ ಪ್ರಶ್ನೆಯೂ ಇದೇ ಆಗಿದೆ.

ದೇವಾಲಯದ ಶತಮಾನೋತ್ಸವವನ್ನು ಸಂಭ್ರಮದಿಂದ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ನೂರು ವರ್ಷಗಳ ಲೆಕ್ಕವನ್ನು ಮಾತ್ರ ಒಪ್ಪಿಸಿ ಸುಮ್ಮನಾದರೆ ನಮ್ಮ ಕರ್ತವ್ಯ ಪೂರ್ಣವಾಗದು. ಈ ಕಟ್ಟಡದ ಅಡಿಗಲ್ಲಿನ ಕೆಳಗೆ ಅದಕ್ಕಿಂತ ಹಳೆಯದಾದ ಇನ್ನೊಂದು ಅಡಿಗಲ್ಲು ಇದೆ. 1784ರಿಂದ 1799ರವರೆಗೆ ಕೆನರಾದ ಕ್ರೈಸ್ತರು ಅನುಭವಿಸಿದ ಸೆರೆವಾಸವೇ ಅದು. ಆ ಕಥೆಯನ್ನು ನಮ್ಮ ಅಜ್ಜಿಯಂದಿರು ಕಣ್ಣೀರಿನೊಂದಿಗೆ ಹೇಳಿದ್ದಾರೆ. ಕೆಲವರು ರೋಷದೊಂದಿಗೆ ಹೇಳಿದ್ದಾರೆ. ಅದನ್ನು ವಿಶ್ವಾಸದ ಬೆಳಕಿನಲ್ಲಿ, ಸತ್ಯಕ್ಕೆ ಚ್ಯುತಿ ಬಾರದಂತೆ, ಮತ್ತೊಮ್ಮೆ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಬೇರೂರಿದ ಬಗೆ

ನಮ್ಮ ಪೂರ್ವಜರು ಗೋವೆಯಿಂದ ಈ ಕರಾವಳಿಗೆ ಬಂದದ್ದು 16ನೆಯ ಶತಮಾನದ ಉತ್ತರಾರ್ಧದಿಂದ 18ನೆಯ ಶತಮಾನದ ಮಧ್ಯಭಾಗದವರೆಗೆ, ತಂಡತಂಡವಾಗಿ. ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾದ ಧಾರ್ಮಿಕ ವಿಚಾರಣಾ ಮಂಡಳಿಯ ಕಟ್ಟುಪಾಡುಗಳು, ಕ್ಷಾಮ ಡಾಮರಗಳು, ತೆರಿಗೆಯ ಭಾರ, 1683ರ ಮರಾಠರ ದಾಳಿ ಇವೆಲ್ಲವೂ ಅವರನ್ನು ದಕ್ಷಿಣಕ್ಕೆ ತಳ್ಳಿದವು. ಒಳ್ಳೆಯ ಬೇಸಾಯಗಾರರೆಂದು ಹೆಸರಾಗಿದ್ದ ಅವರನ್ನು ಕೆಳದಿಯ ನಾಯಕರು ಬರಮಾಡಿಕೊಂಡರು. ಪಾಳುಬಿದ್ದ ನೆಲ ಗದ್ದೆಯಾಯಿತು, ಗುಡ್ಡದ ತಪ್ಪಲು ತೋಟವಾಯಿತು. ಗದ್ದೆಯ ಬದುವಿನಾಚೆ ಒಂದು ಶಿಲುಬೆ, ಶಿಲುಬೆಯ ಬಳಿ ಒಂದು ಇಗರ್ಜಿ ಎದ್ದುನಿಂತಿತು. 1681ರಿಂದ 1684ರವರೆಗೆ ಈ ನಾಡಿನಲ್ಲಿ ಬರಿಗಾಲಿನಲ್ಲಿ ಸಂಚರಿಸಿ ಸೇವೆ ಸಲ್ಲಿಸಿದ ವಂದನೀಯ ಜೋಸೆಫ್ ವಾಜ್ ಸ್ವಾಮಿಯವರನ್ನು ಧರ್ಮಸಭೆ 2015ರಲ್ಲಿ ಸಂತರೆಂದು ಸಾರಿತು. ಅಂಥವರಿಂದ ಪೋಷಣೆ ಪಡೆದ ಜನಾಂಗ ಇದು. ಒಮ್ಮೆ ಊರು ಬಿಟ್ಟು ಬಂದವರಿಗೆ ಎರಡನೆಯ ಊರು ಸಿಕ್ಕಿತ್ತು. ಅದನ್ನೂ ಬಿಡಬೇಕಾಗಿ ಬರಬಹುದೆಂದು ಯಾರು ತಾನೆ ಊಹಿಸಿದ್ದರು?

ಯುದ್ಧದ ನೆರಳು

1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಕೆನರಾ ಪ್ರಾಂತ್ಯವು ಮೈಸೂರಿಗೆ ಸೇರಿತು. ಹೈದರನ ಕಾಲದಲ್ಲಿ ಕ್ರೈಸ್ತರ ಬಾಳು ಬಹುಮಟ್ಟಿಗೆ ನೆಮ್ಮದಿಯಿಂದಲೇ ಸಾಗಿತು. ಆದರೆ 1780ರಲ್ಲಿ ಆರಂಭವಾದ ಎರಡನೆಯ ಮೈಸೂರು ಯುದ್ಧವು ಕರಾವಳಿಯನ್ನು ರಣರಂಗವಾಗಿಸಿತು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಮರುವರ್ಷದ ಆರಂಭದಲ್ಲಿ ಜನರಲ್ ಮ್ಯಾಥ್ಯೂಸನ ನೇತೃತ್ವದ ಇಂಗ್ಲೀಷ್ ಸೈನ್ಯವು ಬಿದನೂರನ್ನೂ ಮಂಗಳೂರನ್ನೂ ಹಿಡಿಯಿತು. ಟಿಪ್ಪು ಸುಲ್ತಾನನು ಹಿಂದಿರುಗಿ ಬಂದು ಬಿದನೂರನ್ನು ವಶಪಡಿಸಿಕೊಂಡು, 1783ರ ಮೇ ತಿಂಗಳಿಂದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. 1784ರ ಜನವರಿಯ ಕೊನೆಯಲ್ಲಿ ಕೋಟೆ ಶರಣಾಯಿತು.

ಇಂಗ್ಲೀಷರಿಗೆ ಸ್ಥಳೀಯ ಕ್ರೈಸ್ತರು ನೆರವು ನೀಡಿದರೆಂಬುದು ಸುಲ್ತಾನನ ಆರೋಪವಾಗಿತ್ತು. ಕೆಲವರು ನೆರವಾಗಿದ್ದಿರಬಹುದು, ಅದನ್ನು ಅಲ್ಲಗಳೆಯುವುದು ಚರಿತ್ರೆಗೆ ಶೋಭೆಯಲ್ಲ. ಆದರೆ ಕೆಲವರ ಅಪರಾಧಕ್ಕಾಗಿ, ಅದು ಅಪರಾಧವೇ ಆಗಿದ್ದ ಪಕ್ಷದಲ್ಲಿಯೂ, ತೊಟ್ಟಿಲ ಕೂಸಿನಿಂದ ಹಿಡಿದು ಊರುಗೋಲಿನ ಮುದುಕನವರೆಗೆ ಒಂದು ಜನಾಂಗವನ್ನೇ ಶಿಕ್ಷಿಸುವುದು ಯಾವ ಧರ್ಮಶಾಸ್ತ್ರಕ್ಕೂ, ಯಾವ ರಾಜನೀತಿಗೂ ಒಪ್ಪುವ ಮಾತಲ್ಲ. ಅನ್ಯಾಯವು ತನ್ನ ನಿಜರೂಪವನ್ನು ತೋರುವುದು ಇಲ್ಲಿಯೇ. ಅದು ವ್ಯಕ್ತಿಯನ್ನು ಕಾಣುವುದಿಲ್ಲ, ವಿಚಾರಣೆ ನಡೆಸುವುದಿಲ್ಲ, ಹೆಸರನ್ನು ಮಾತ್ರ ನೋಡಿ ತೀರ್ಪು ಕೊಡುತ್ತದೆ.

ಆ ವಿಭೂತಿ ಬುಧವಾರ

1784ರ ಫೆಬ್ರವರಿ ತಿಂಗಳಲ್ಲಿ, ವಿಭೂತಿ ಬುಧವಾರದಂದು, ಬಂಧನ ಆರಂಭವಾಯಿತೆಂದು ಪರಂಪರೆ ಹೇಳುತ್ತದೆ. ಮನುಷ್ಯನು ಮಣ್ಣೆಂಬುದನ್ನು ನೆನಪಿಸುವ ಬೂದಿ ಹಣೆಗೆ ತಾಗುವ ಆ ದಿನವೇ ಮನೆ ಮಠ, ದನ ಕರು, ಬಿತ್ತಿದ ಗದ್ದೆಗಳೆಲ್ಲ ಕೈಬಿಟ್ಟು ಹೋದವು. ಯಾಜಕರನ್ನು ಗೋವೆಗೆ ಗಡೀಪಾರು ಮಾಡಲಾಯಿತು. 27 ಇಗರ್ಜಿಗಳು ನೆಲಸಮವಾದವೆಂದು ನಮ್ಮ ಚರಿತ್ರಕಾರರು ಲೆಕ್ಕ ಹಾಕಿದ್ದಾರೆ. ಮಂಗಳೂರಿನ ರೊಜಾರಿಯೊ ಮತ್ತು ಮಿಲಾಗ್ರಿಸ್ ಇಗರ್ಜಿಗಳೂ ಅವುಗಳಲ್ಲಿ ಸೇರಿದ್ದವು.

ಸೆರೆಯಾದವರ ಸಂಖ್ಯೆಯ ವಿಷಯದಲ್ಲಿ ಒಮ್ಮತವಿಲ್ಲ. ಸ್ವತಃ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದು, ತನ್ನ ಅನುಭವಗಳು 1824ರಲ್ಲಿ ಪುಸ್ತಕವಾಗಿ ಪ್ರಕಟವಾದ ಜೇಮ್ಸ್ ಸ್ಕರಿ ಎಂಬ ಇಂಗ್ಲೀಷ್ ನಾವಿಕನು 30,000 ಎನ್ನುತ್ತಾನೆ. ಸುಲ್ತಾನನ ಆಸ್ಥಾನದ ಬರಹವು 60,000 ಎನ್ನುತ್ತದೆ. 80,000 ಎಂದವರೂ ಉಂಟು. ಸಂಖ್ಯೆ ಎಷ್ಟೇ ಇರಲಿ, ಊರಿಗೆ ಊರೇ ಬರಿದಾಯಿತೆಂಬುದರಲ್ಲಿ ಸಂಶಯವಿಲ್ಲ.

ಮಂಗಳೂರಿನಿಂದ ಘಟ್ಟವನ್ನೇರಿ ಶ್ರೀರಂಗಪಟ್ಟಣದವರೆಗಿನ ಆ ಕಾಲ್ನಡಿಗೆಗೆ ಸುಮಾರು ಆರು ವಾರಗಳು ಹಿಡಿದವು. ಬೇಸಿಗೆಯ ಬಿಸಿಲು, ಹಸಿವು, ಕಾಡಿನ ಜ್ವರ, ಕಾವಲುಗಾರರ ಹೊಡೆತ. ದಾರಿಯಲ್ಲಿಯೇ ಸಾವಿರಾರು ಮಂದಿ ಮಡಿದರು. ಕ್ರೈಸ್ತ ಪಂಚಾಂಗವನ್ನು ಬಲ್ಲವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು: ವಿಭೂತಿ ಬುಧವಾರದಿಂದ ಆರು ವಾರಗಳೆಂದರೆ ತಪಸ್ಸುಕಾಲದ ಪೂರ್ಣ ಅವಧಿ. ಆ ವರ್ಷ ಶಿಲುಬೆಯ ಹಾದಿಯನ್ನು ನಡೆಸಿಕೊಡಲು ಯಾಜಕರಿರಲಿಲ್ಲ. ಜನರೇ ಅದನ್ನು ತಮ್ಮ ಕಾಲುಗಳಿಂದ ನಡೆದರು.

ಯಾಜಕರಿಲ್ಲದ ಹದಿನೈದು ವರ್ಷ

ಶ್ರೀರಂಗಪಟ್ಟಣದಲ್ಲಿ ಅವರನ್ನು ಬಲಾತ್ಕಾರವಾಗಿ ಮತಾಂತರಿಸಲಾಯಿತು. ಗಂಡಸರಿಗೆ ಸುನ್ನತಿ ಮಾಡಿಸಲಾಯಿತು, ಹೆಸರುಗಳನ್ನು ಬದಲಿಸಲಾಯಿತು. ಯುವಕರನ್ನು ಸೈನ್ಯದ ದಳಗಳಿಗೆ ಸೇರಿಸಲಾಯಿತು. ಕುಟುಂಬಗಳು ಚದುರಿಹೋದವು. ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ, ಸಾಯುವವರಿಗೆ ಅಂತ್ಯಾಭ್ಯಂಗವಿಲ್ಲ. 1784ರಲ್ಲಿ ಹುಟ್ಟಿದ ಮಗು ಬಿಡುಗಡೆಯ ದಿನ ಹದಿನೈದರ ಹರೆಯದಲ್ಲಿತ್ತು. ತಂದೆತಾಯಿಯರ ಇಗರ್ಜಿಯ ಗಂಟೆಯನ್ನು ಅದು ಒಮ್ಮೆಯೂ ಕೇಳಿರಲಿಲ್ಲ.

ಇಸ್ರಾಯೇಲರು ಬಾಬಿಲೋನಿನ ನದಿಗಳ ತೀರದಲ್ಲಿ ಕುಳಿತು ಅತ್ತುದನ್ನು 137ನೆಯ ಕೀರ್ತನೆ ಹೇಳುತ್ತದೆ. ನಮ್ಮ ಪೂರ್ವಜರಿಗೆ ಕಾವೇರಿಯ ತೀರ ಬಾಬಿಲೋನಾಯಿತು. ಆ ಕೀರ್ತನೆಯ ಕೊನೆಯಲ್ಲಿ ಪ್ರತೀಕಾರದ ಕಠೋರ ಮಾತೂ ಇದೆಯೆಂಬುದನ್ನು ನಾವು ಮರೆಯಬಾರದು. ದಮನಕ್ಕೊಳಗಾದವನು ದೇವರ ಮುಂದೆ ತನ್ನ ಕೋಪವನ್ನೂ ಬಚ್ಚಿಡಬೇಕಾಗಿಲ್ಲ. ಆದರೆ ಆ ಕೋಪವನ್ನು ಅವನು ಎಲ್ಲಿ ಇಳಿಸಿಡುತ್ತಾನೆಂಬುದು ಮುಖ್ಯ. ಕೀರ್ತನಕಾರನು ಅದನ್ನು ದೇವರ ಪಾದದಲ್ಲಿಟ್ಟನು, ತೀರ್ಪನ್ನು ಅವರಿಗೇ ಬಿಟ್ಟನು.

ಬಾಗಿಲು ತೆರೆದ ನೆರೆಯವರು

ದೇವರು ಆ ವರ್ಷಗಳಲ್ಲಿ ಪೂರ್ತಿ ಮೌನವಾಗಿದ್ದರೇ? ಚರಿತ್ರೆಯನ್ನು ಸೂಕ್ಷ್ಮವಾಗಿ ನೋಡಿದರೆ ಕತ್ತಲಲ್ಲಿ ಅಲ್ಲಲ್ಲಿ ದೀಪಗಳು ಕಾಣುತ್ತವೆ. ಆ ದೀಪಗಳನ್ನು ಹಚ್ಚಿದವರು ಕ್ರೈಸ್ತರಲ್ಲವೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಇಗರ್ಜಿಗಳೆಲ್ಲ ಉರುಳುತ್ತಿದ್ದ ಆ ದಿನಗಳಲ್ಲಿ ಮೂಡುಬಿದಿರೆ ಸೀಮೆಯ ಪವಿತ್ರ ಶಿಲುಬೆಯ ಇಗರ್ಜಿ ಉಳಿದುಕೊಂಡಿತು. ಅಲ್ಲಿನ ಚೌಟ ಅರಸರ ಮಧ್ಯಸ್ಥಿಕೆಯೇ ಅದಕ್ಕೆ ಕಾರಣವೆಂದು ಪರಂಪರೆ ಹೇಳುತ್ತದೆ. ಚೌಟರು ಜೈನರು. ತಮ್ಮದಲ್ಲದ ದೇವಾಲಯಕ್ಕಾಗಿ ಬಲಾಢ್ಯನ ಮುಂದೆ ಬಾಯಿ ತೆರೆಯುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಇಂದಿನ ನಾವೂ ಊಹಿಸಬಲ್ಲೆವು.

ಸೆರೆಯಿಂದ ತಪ್ಪಿಸಿಕೊಂಡ ಅನೇಕರಿಗೆ ಕೊಡಗು ಆಸರೆಯಾಯಿತು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನು ತಾನೇ ಪಿರಿಯಾಪಟ್ಟಣದಲ್ಲಿ ಸುಲ್ತಾನನ ಸೆರೆಯಲ್ಲಿದ್ದು 1788ರಲ್ಲಿ ಪಾರಾಗಿ ಬಂದವನು. ಅವನ ಹೆಸರಿನಲ್ಲಿ ನೆಲೆಗೊಂಡ ವೀರರಾಜಪೇಟೆಯಲ್ಲಿ ನಿರಾಶ್ರಿತ ಕ್ರೈಸ್ತರು ನೆಲೆ ಕಂಡರು; ಸಂತ ಅನ್ನಮ್ಮನವರ ದೇವಾಲಯ 1792ರಲ್ಲಿ ಅಲ್ಲಿ ಆರಂಭವಾಯಿತು. ಸೆರೆಯ ಕಹಿಯನ್ನು ಉಂಡವನಿಗೆ ಸೆರೆಯಿಂದ ಬಂದವನ ಮುಖ ಅಪರಿಚಿತವಾಗಿ ಕಾಣಲಿಲ್ಲ. ದೇವರ ನ್ಯಾಯವು ಸಿಡಿಲಿನಂತೆ ಎರಗುವುದೆಂದು ಕಾಯುವವರು, ಅದು ಹೀಗೆ ನೆರೆಯವನ ತೆರೆದ ಬಾಗಿಲಾಗಿ ಬಂದಾಗ ಗುರುತಿಸದೆ ಹೋಗುವ ಅಪಾಯವಿದೆ.

ಮರಳಿ ಬಂದವರು

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಟಿಪ್ಪು ಸುಲ್ತಾನನು ಕಾಳಗದಲ್ಲಿ ಮಡಿದನು. ಸೆರೆಯ ಬಾಗಿಲು ತೆರೆಯಿತು.

ಇಲ್ಲಿಂದ ಮುಂದಿನ ಅಧ್ಯಾಯವನ್ನು ನಮ್ಮ ಸಮಾರಂಭಗಳಲ್ಲಿ ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಫ್ರೆಂಚ್ ಯಾಜಕ ಅಬ್ಬೆ ದುಬೊವಾ ಆ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸುತ್ತಿದ್ದರು. ಮುಂದೆ 1803-04ರಲ್ಲಿ ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ದೇವಿ ಹಾಕಿಸಿದ ಕರುಣಾಳು ಅವರು. 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ ಅವರು ಈ ಸೆರೆಯವರ ಬಗ್ಗೆ ಬರೆದುದು ಬಹಳ ಕಠಿಣ. ಅಷ್ಟು ಸಾವಿರ ಜನರಲ್ಲಿ ತನ್ನ ವಿಶ್ವಾಸವನ್ನು ಬಹಿರಂಗವಾಗಿ ಸಾರಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಬರಲಿಲ್ಲವೆಂದು ಅವರು ನಾಚಿಕೆಯಿಂದ ಆಕ್ಷೇಪಿಸಿದ್ದಾರೆ. ಆದರೆ ಅದೇ ಬರಹದಲ್ಲಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾರೆ. ಸುಲ್ತಾನನ ಪತನದ ನಂತರ ಆ ಜನರು ಬಹುತೇಕ ಎಲ್ಲರೂ ಧರ್ಮಸಭೆಯ ಮಡಿಲಿಗೆ ಹಿಂದಿರುಗಿದರು. ತಮ್ಮ ಮತತ್ಯಾಗ ಹೊರಗಿನದು ಮಾತ್ರವಾಗಿತ್ತು, ಹೃದಯದಲ್ಲಿ ಕ್ರಿಸ್ತರನ್ನೇ ಉಳಿಸಿಕೊಂಡಿದ್ದೆವು ಎಂದರು. ಅವರಲ್ಲಿ ಸುಮಾರು 2,000 ಮಂದಿ ದುಬೊವಾ ಅವರ ಬಳಿಗೇ ಬಂದರು. ಸುಮಾರು 20,000 ಮಂದಿ ಮಂಗಳೂರು ಸೀಮೆಗೆ ಹಿಂದಿರುಗಿ ತಮ್ಮ ಪೂಜಾಸ್ಥಳಗಳನ್ನು ಪುನಃ ಕಟ್ಟಿದರು.

ಪ್ರಿಯ ವಾಚಕರೇ, ಈ ಮಾತಿನ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಸೆರೆಯ ಪರಂಪರೆಗೆ ಸೇರಿದ ನಮ್ಮ ಮನೆತನಗಳ ಮೂಲಪುರುಷರು ಹೆಚ್ಚಿನವರು ವೀರರಾಗಿರಲಿಲ್ಲ. ಭಯದಿಂದ ತಲೆ ತಗ್ಗಿಸಿದವರು, ಮಕ್ಕಳ ಪ್ರಾಣಕ್ಕಾಗಿ ಬಾಯಿ ಮುಚ್ಚಿಕೊಂಡವರು, ಬೇರೊಬ್ಬರು ಕೊಟ್ಟ ಹೆಸರಿನಲ್ಲಿ ಹದಿನೈದು ವರ್ಷ ಬದುಕಿದವರು. ಕೋಳಿ ಕೂಗುವ ಮುನ್ನ ಮೂರು ಬಾರಿ ಗುರುವನ್ನು ಅಲ್ಲಗಳೆದ ಪೇತ್ರನ ಸಾಲಿಗೆ ಸೇರಿದವರು. ಅಂಥವರಿಗೂ ಧರ್ಮಸಭೆಯ ಬಾಗಿಲು ಮುಚ್ಚಲಿಲ್ಲ. ಲೋಕದ ನ್ಯಾಯಾಲಯವಾಗಿದ್ದರೆ ಅವರನ್ನು ಹೇಡಿಗಳೆಂದು ಬರೆದು ಕಡತವನ್ನು ಮುಚ್ಚುತ್ತಿತ್ತು. ದೇವರ ನ್ಯಾಯವಾದರೋ ಕಡ್ಡಿಯಂತೆ ಬಾಗಿದ ವಿಶ್ವಾಸವನ್ನೂ ಮುರಿಯದೆ ಎತ್ತಿ ನಿಲ್ಲಿಸಿತು. ನ್ಯಾಯಕ್ಕಾಗಿ ದೇವರನ್ನು ನಂಬುವುದೆಂದರೆ ವೈರಿಯ ವಿಷಯದಲ್ಲಿ ಮಾತ್ರ ನಂಬುವುದಲ್ಲವಷ್ಟೆ. ನಮ್ಮ ದುರ್ಬಲತೆಯ ವಿಷಯದಲ್ಲಿಯೂ ಅವರ ತೀರ್ಪಿಗೆ ನಮ್ಮನ್ನು ಒಪ್ಪಿಸಿಕೊಳ್ಳಬೇಕು. ಆ ತೀರ್ಪಿನಲ್ಲಿ ಕರುಣೆಯಿರುವುದರಿಂದಲೇ ನಾವು ಇಂದು ಇಲ್ಲಿದ್ದೇವೆ.

ನ್ಯಾಯ ದೊರೆಯಿತೇ?

ಹಿಂದಿರುಗಿದವರನ್ನು ಎದುರುಗೊಂಡದ್ದು ಹಬ್ಬದ ಊಟವಲ್ಲ. ಮನೆಗಳು ಬಿದ್ದಿದ್ದವು, ಗದ್ದೆಗಳು ಪರರ ವಶದಲ್ಲಿದ್ದವು. ಕೆನರಾದ ಮೊದಲ ಕಲೆಕ್ಟರಾಗಿ 1799ರಲ್ಲಿ ಬಂದ ಥಾಮಸ್ ಮನ್ರೋ ಮತ್ತು ಅವರ ನಂತರದ ಅಧಿಕಾರಿಗಳ ಮುಂದೆ ತಮ್ಮ ಭೂಮಿಗಾಗಿ ಅಹವಾಲು ಸಲ್ಲಿಸಿ, ಅನೇಕರು ಅದನ್ನು ಮರಳಿ ಪಡೆದರು. ಸತ್ತವರು ಮಾತ್ರ ಹಿಂದಿರುಗಲಿಲ್ಲ. ಬೇರ್ಪಟ್ಟ ಎಷ್ಟೋ ಹೆಣ್ಣುಮಕ್ಕಳ ಸುದ್ದಿ ಯಾರಿಗೂ ತಿಳಿಯಲಿಲ್ಲ.

ಇನ್ನೂ ಒಂದು ಮಾತು. ಕೋಟೆಯನ್ನು ಕೆಡವಿದ ಕಂಪೆನಿ ಸರಕಾರವನ್ನು ದೇವದೂತನೆಂದು ಭಾವಿಸುವುದು ಮೌಢ್ಯ. ಅದು ಬಂದದ್ದು ತನ್ನ ಲಾಭಕ್ಕಾಗಿ. ಈ ನಾಡಿನ ಮೇಲೆ ಅದು ಹೊರಿಸಿದ ಅನ್ಯಾಯದ ಪಟ್ಟಿ ಬೇರೆಯೇ ಇದೆ. ಅಸ್ಸೀರಿಯವನ್ನೂ ಪರ್ಷಿಯದ ಕೋರೇಷನನ್ನೂ ದೇವರು ಉಪಯೋಗಿಸಿಕೊಂಡರೆಂದು ಪವಿತ್ರ ಗ್ರಂಥ ಹೇಳುತ್ತದೆಯೇ ಹೊರತು ಅವರನ್ನು ಪೂಜಿಸಿರೆಂದು ಹೇಳುವುದಿಲ್ಲ.

ಹಾಗೆಯೇ ಸುಲ್ತಾನನನ್ನು ಕುರಿತೂ ಒಂದೇ ಬಣ್ಣದಲ್ಲಿ ಚಿತ್ರ ಬಿಡಿಸುವುದು ಸರಿಯಲ್ಲ. ನಮ್ಮವರಂತೆಯೇ ಕೊಡವರೂ ಮಲಬಾರಿನ ನಾಯರರೂ ಅವನ ಕೈಯಲ್ಲಿ ಸೆರೆ ಅನುಭವಿಸಿದರು. ಅದೇ ಸುಲ್ತಾನನು 1791ರಲ್ಲಿ ಮರಾಠಾ ಸೈನ್ಯದಿಂದ ಲೂಟಿಯಾದ ಶೃಂಗೇರಿ ಮಠಕ್ಕೆ ಗೌರವದ ಪತ್ರಗಳನ್ನೂ ಧನಸಹಾಯವನ್ನೂ ಕಳುಹಿಸಿದನು. ಒಬ್ಬ ಅರಸನ ಪೂರ್ಣ ಲೆಕ್ಕವನ್ನು ನೋಡುವ ನ್ಯಾಯಾಧೀಶರು ನಾವಲ್ಲ. ಅವನ ಕೃತ್ಯಕ್ಕೆ ಇಂದು ನಮ್ಮ ಪಕ್ಕದ ಮನೆಯಲ್ಲಿರುವ, ನಮ್ಮ ಮದುವೆ ಮರಣಗಳಿಗೆ ಬಂದು ನಿಲ್ಲುವ ಮುಸಲ್ಮಾನ ಬಂಧುವನ್ನು ಹೊಣೆಯಾಗಿಸಿದರೆ, 1784ರಲ್ಲಿ ನಮ್ಮವರ ಮೇಲೆ ನಡೆದ ಅನ್ಯಾಯವನ್ನೇ ನಾವು ಮರುಕಳಿಸಿದಂತಾಗುತ್ತದೆ. ಹೆಸರನ್ನು ನೋಡಿ ಶಿಕ್ಷಿಸುವುದೇ ಅಲ್ಲವೇ ಆ ಅನ್ಯಾಯ?

ಹಿಂದಿರುಗಿದ ನಮ್ಮ ಪೂರ್ವಜರು ಕತ್ತಿ ಹಿಡಿದು ಸೇಡಿಗೆ ಹೊರಡಲಿಲ್ಲ. ಅವರು ಮಾಡಿದ್ದು ಎರಡೇ ಕೆಲಸ: ಅಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಂತರು, ಬಳಿಕ ನೇಗಿಲು ಹಿಡಿದರು. ಕಾರ್ಕಳದ ಅತ್ತೂರಿನಲ್ಲಿ 1759ರಲ್ಲಿ ಕಟ್ಟಲಾಗಿದ್ದ ಸಂತ ಲಾರೆನ್ಸರ ಇಗರ್ಜಿ 1784ರಲ್ಲಿ ನಾಶವಾಗಿತ್ತು. ಸೆರೆಯಿಂದ ಬಂದವರು 1801ರಲ್ಲಿ ಮುಳಿಹುಲ್ಲಿನ ಮಾಡಿನ ಒಂದು ಇಗರ್ಜಿಯನ್ನು ಅಲ್ಲಿ ಎಬ್ಬಿಸಿದರು. ಮಂಗಳೂರಿನ ಮಿಲಾಗ್ರಿಸ್ 1811ರಲ್ಲಿ, ರೊಜಾರಿಯೊ 1813ರಲ್ಲಿ ಪುನಃ ತಲೆಯೆತ್ತಿದವು. ಅತ್ತೂರಿನ ಆ ಹುಲ್ಲುಮಾಡಿನ ಪರಂಪರೆಯ ದೇವಾಲಯ 2016ರಲ್ಲಿ ಬಸಿಲಿಕ ಪದವಿಗೇರಿತು. ಅಲ್ಲಿನ ಜನವರಿ ತಿಂಗಳ ವಾರ್ಷಿಕ ಹಬ್ಬಕ್ಕೆ ಜಾತಿಮತಗಳ ಭೇದವಿಲ್ಲದೆ ಜನಸಾಗರ ಸೇರುತ್ತದೆ. ಮೊಂಬತ್ತಿಯ ಬೆಳಕಿನಲ್ಲಿ ಯಾರು ಯಾವ ಮತದವರೆಂದು ಗುರುತಿಸುವುದೇ ಕಷ್ಟ. ಕೋಟೆ ಉರುಳಿದ್ದಕ್ಕಿಂತ ಇದೇ ಹೆಚ್ಚಿನ ನ್ಯಾಯವೆಂದು ನಮಗೆ ತೋರುತ್ತದೆ.

ಹಾಗಿದ್ದರೂ ಲೆಕ್ಕ ಪೂರ್ತಿಯಾಗಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು. ಘಟ್ಟದ ದಾರಿಯಲ್ಲಿ ಸಮಾಧಿಯೂ ಇಲ್ಲದೆ ಬಿದ್ದ ತಾಯಿಗೆ ಯಾವ ಕಲೆಕ್ಟರನೂ ಪರಿಹಾರ ಕೊಡಲಾರನು. ಈ ಲೋಕದಲ್ಲಿಯೇ ಎಲ್ಲ ಲೆಕ್ಕ ತೀರುವುದಾದರೆ ಪುನರುತ್ಥಾನದ ಅಗತ್ಯವಾದರೂ ಏನಿತ್ತು? ಅನ್ಯಾಯದ ತೀರ್ಪಿಗೆ ಗುರಿಯಾಗಿ ಊರ ಹೊರಗೆ ಶಿಲುಬೆಗೇರಿದ ಪ್ರಭುವನ್ನು ತಂದೆಯು ಮೂರನೆಯ ದಿನ ಎಬ್ಬಿಸಿದರು. ಆ ದಾರಿಯಲ್ಲಿ ಬಿದ್ದವರ ಪಾಲಿಗೆ ಉಳಿದಿರುವ ನ್ಯಾಯವೂ ಅದೇ ಕೈಗಳಲ್ಲಿ ಭದ್ರವಾಗಿದೆಯೆಂಬುದು ನಮ್ಮ ವಿಶ್ವಾಸ.

ಇಂದಿನ ನಮಗೆ

ಸಂತ ಲೂಕನ ಶುಭಸಂದೇಶದಲ್ಲಿ ಪ್ರಭುವು ಒಬ್ಬ ವಿಧವೆಯ ಸಾಮತಿಯನ್ನು ಹೇಳಿದ್ದಾರೆ. ದೇವರಿಗೂ ಹೆದರದ, ಮನುಷ್ಯರನ್ನೂ ಲಕ್ಷಿಸದ ನ್ಯಾಯಾಧೀಶನ ಬಳಿಗೆ ಆಕೆ ದಿನದಿನವೂ ಹೋಗಿ ತನ್ನ ನ್ಯಾಯವನ್ನು ಕೇಳುತ್ತಾಳೆ. ಪ್ರಾರ್ಥನೆಯಲ್ಲಿ ಬೇಸರಪಡಬಾರದೆಂಬುದನ್ನು ಕಲಿಸುವುದಕ್ಕಾಗಿ ಹೇಳಿದ ಸಾಮತಿ ಇದು. ಆದರೆ ಆ ವಿಧವೆ ಮನೆಯ ಮೂಲೆಯಲ್ಲಿ ಕುಳಿತು ಕಾಯಲಿಲ್ಲವೆಂಬುದನ್ನು ಗಮನಿಸೋಣ. ಆಕೆ ನಡೆದಳು, ಬಾಗಿಲು ತಟ್ಟಿದಳು, ಮರುದಿನ ಮತ್ತೆ ಹೋದಳು.

ನ್ಯಾಯಕ್ಕಾಗಿ ದೇವರನ್ನು ನಂಬುವವನ ಲಕ್ಷಣ ಇದು. ಅವನು ಕಚೇರಿಯ ಮೆಟ್ಟಿಲನ್ನೂ ಹತ್ತುವನು, ದೇವಾಲಯದ ಮೆಟ್ಟಿಲನ್ನೂ ಹತ್ತುವನು. ಸುಳ್ಳು ಸಾಕ್ಷಿಯಿಂದ ಗೆಲ್ಲಬಹುದಾದ ಕಡೆಯಲ್ಲಿಯೂ ಸತ್ಯವನ್ನು ಬಿಡನು. ಸೋತಾಗ ಸೇಡನ್ನು ಎದೆಯಲ್ಲಿ ಸಾಕನು. ನೆರೆಯವನಿಗೆ ಅನ್ಯಾಯವಾಗುವಾಗ ಚೌಟ ಅರಸರಂತೆ ಬಾಯಿ ತೆರೆಯುವನು. ಹಾಗೆಯೇ ತನ್ನ ಕೈಯಿಂದ ಇನ್ನೊಬ್ಬನಿಗೆ ಅನ್ಯಾಯವಾಗುತ್ತಿದೆಯೇ ಎಂದು ಮೊದಲು ನೋಡಿಕೊಳ್ಳುವನು. ಕೂಲಿಯಾಳಿನ ಸಂಬಳವನ್ನು ತಡೆಹಿಡಿದು, ಸಹೋದರಿಯ ಪಾಲನ್ನು ನುಂಗಿ, ದೇವರೇ ನ್ಯಾಯ ಕೊಡಿರೆಂದು ಪ್ರಾರ್ಥಿಸುವುದು ತನ್ನ ಮೇಲೆಯೇ ತೀರ್ಪನ್ನು ಕರೆದುಕೊಂಡಂತೆ.

ನೂರು ವರ್ಷಗಳ ಹಿಂದೆ ಈ ದೇವಾಲಯದ ಕಲ್ಲುಗಳನ್ನು ಹೊತ್ತವರು, ಸೆರೆಯ ಕಥೆಯನ್ನು ಹಿರಿಯರ ಬಾಯಿಂದ ಕೇಳಿ ಬೆಳೆದ ತಲೆಮಾರಿನವರು. ಕಟ್ಟಿದ್ದು ಒಂದು ದಿನ ಉರುಳಬಹುದೆಂದು ಬಲ್ಲವರಾಗಿದ್ದರೂ ಅವರು ಕಟ್ಟಿದರು. ಅವರ ಆ ಭರವಸೆಯ ಮೇಲೆಯೇ ನಮ್ಮ ಶತಮಾನೋತ್ಸವದ ದೀಪ ಉರಿಯುತ್ತಿದೆ. ಘಟ್ಟದ ದಾರಿಯಲ್ಲಿ ಮಡಿದವರಿಗೆ ದೇವರು ನಿತ್ಯವಿಶ್ರಾಂತಿಯನ್ನು ದಯಪಾಲಿಸಲಿ. ಬಾಗಿಲು ತೆರೆದ ನೆರೆಯವರ ಸಂತತಿಯನ್ನು ಹರಸಲಿ. ಇಂದು ನ್ಯಾಯಕ್ಕಾಗಿ ಕಾಯುತ್ತಿರುವ ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಮನೆಗೂ, ಕಾಯುವ ತಾಳ್ಮೆಯನ್ನೂ ಕೇಳುವ ಧೈರ್ಯವನ್ನೂ ಕ್ಷಮಿಸುವ ಮನಸ್ಸನ್ನೂ ಅನುಗ್ರಹಿಸಲಿ ಎಂದು ಪ್ರಾರ್ಥಿಸೋಣ.